ಓಲೆ ಹೊತ್ತವನಿಗೆ ಓದಲು ಬಿಟ್ಟಿದ್ದರೆ

(ನಮ್ಮ ಕನ್ನಡ ಕೂಟದ ಸಾಹಿತ್ಯ ಸಂಜೆಯಲ್ಲಿ ಆಡಿದ ಮಾತುಗಳ ಬರಹ ರೂಪ)



"ಸಾಹಿತ್ಯದಲ್ಲಿ ತಿಳಿವಳಿಕೆ ಮತ್ತು ಅಧಿಕಾರ" ಎಂಬ ವಿಷಯದ ಮೇಲೆ ಇಪ್ಪತ್ತು ನಿಮಿಷ ಮಾತಾಡಿ ಎಂದು ಸಂಚಾಲಕರು ಹೇಳಿದಾಗ ನಾನು ಮೊದಲು ಬೇಡ ಎಂದೆ. ನಾನು ಸಾಹಿತ್ಯ ಓದಿಕೊಂಡವನಲ್ಲ. ನಿಮ್ಮಲ್ಲಿ ಬಹುಪಾಲು ಜನರ ಹಾಗೆ ಇಂಜಿನಿಯರಿಂಗ್ ಮುಗಿಸಿ, ಬೆಂಗಳೂರಿನಲ್ಲಿ ಕೆಲವು ವರ್ಷ ಕೋಡ್ ಬರೆದು, ಈಗ ಅಮೆರಿಕದಲ್ಲಿ ಅದೇ ಕೋಡ್ ಬರೆಯುತ್ತಿರುವವನು. ಆದರೆ ನಮ್ಮಪ್ಪ ಅರಸೀಕೆರೆ ಕಡೆಯ ಹಳ್ಳಿಯೊಂದರಲ್ಲಿ ಕನ್ನಡ ಮೇಷ್ಟ್ರಾಗಿದ್ದರು. ಅವರು ಹೇಳಿದ ಒಂದು ಕತೆ ಈ ವಿಷಯಕ್ಕೆ ಸರಿಯಾಗಿ ಹೊಂದುತ್ತದೆ. ಅದಕ್ಕೇ ಒಪ್ಪಿಕೊಂಡೆ.

ಚಂದ್ರಹಾಸನ ಕತೆ. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಬರುವುದು. ಗಮಕದಲ್ಲೋ ಯಕ್ಷಗಾನದಲ್ಲೋ ಅಜ್ಜಿಯ ಬಾಯಲ್ಲೋ ನಿಮ್ಮಲ್ಲಿ ಅನೇಕರು ಕೇಳಿರುತ್ತೀರಿ. ಮಂತ್ರಿ ದುಷ್ಟಬುದ್ಧಿಗೆ ಚಂದ್ರಹಾಸನನ್ನು ಮುಗಿಸಬೇಕು. ತನ್ನ ಮಗ ಮದನನಿಗೆ ಒಂದು ಓಲೆ ಬರೆದು, ಮುದ್ರೆ ಒತ್ತಿ, ಅದನ್ನು ಚಂದ್ರಹಾಸನ ಕೈಗೇ ಕೊಟ್ಟು ಕಳಿಸುತ್ತಾನೆ. ಬಂದವನಿಗೆ ವಿಷ ಕೊಡು ಎಂಬುದು ಒಳಗಿನ ಆಜ್ಞೆ. ಚಂದ್ರಹಾಸ ಊರ ಹೊರಗಿನ ತೋಟದಲ್ಲಿ ದಣಿದು ಮಲಗುತ್ತಾನೆ. ಅಲ್ಲಿಗೆ ಬಂದ ದುಷ್ಟಬುದ್ಧಿಯ ಮಗಳು ವಿಷಯೆ ಅವನನ್ನು ನೋಡಿ ಮನಸೋಲುತ್ತಾಳೆ, ಓಲೆ ಬಿಚ್ಚಿ ಓದುತ್ತಾಳೆ, ಒಂದು ಅಕ್ಷರ ತಿದ್ದುತ್ತಾಳೆ. "ವಿಷವ" ಎಂದಿದ್ದದ್ದು "ವಿಷಯೆ" ಆಗುತ್ತದೆ. ಸಾಯಬೇಕಾದವನು ಮದುಮಗನಾಗುತ್ತಾನೆ.

ಈ ಕತೆ ಕೇಳಿ ಚಿಕ್ಕಂದಿನಲ್ಲಿ ನಾವೆಲ್ಲ ಚಪ್ಪಾಳೆ ತಟ್ಟಿದವರೇ. ಈಗ ಸ್ವಲ್ಪ ನಿಧಾನವಾಗಿ ನೋಡೋಣ. ಈ ಕತೆಯಲ್ಲಿ ಬಲ ಯಾರದು? ಓಲೆ ಬರೆದವನಿಗೆ ಅದರಲ್ಲಿ ಏನಿದೆ ಎಂದು ಗೊತ್ತು. ಬಿಚ್ಚಿ ಓದಿದವಳಿಗೆ ಗೊತ್ತು. ಹೊತ್ತು ತಂದವನಿಗೆ ಮಾತ್ರ ಗೊತ್ತಿಲ್ಲ. ಅವನಿಗೆ ಓದು ಬರುತ್ತಿತ್ತು. ಆದರೆ ಮುದ್ರೆ ಒಡೆಯಬಾರದು ಎಂಬ ಮರ್ಯಾದೆ ಅವನದು. ತನ್ನ ಸಾವನ್ನು ತಾನೇ ಹೊತ್ತು ನಡೆದ. ಬದುಕಿದ್ದು ಅವನ ತಿಳಿವಳಿಕೆಯಿಂದ ಅಲ್ಲ, ಇನ್ನೊಬ್ಬರ ದಯೆಯಿಂದ.

ಇದೇ ಓಲೆಯನ್ನು ಶೇಕ್ಸ್‌ಪಿಯರ್ ಹ್ಯಾಮ್ಲೆಟ್‌ನಲ್ಲಿ ತರುತ್ತಾನೆ. ರಾಜ ಕ್ಲಾಡಿಯಸ್ ಹ್ಯಾಮ್ಲೆಟ್‌ನನ್ನು ಇಂಗ್ಲೆಂಡಿಗೆ ಕಳಿಸುತ್ತಾನೆ. ಜೊತೆಯಲ್ಲಿ ರೋಸೆನ್‌ಕ್ರಾಂಟ್ಸ್ ಮತ್ತು ಗಿಲ್ಡೆನ್‌ಸ್ಟರ್ನ್ ಎಂಬ ಇಬ್ಬರು ಹಳೆಯ ಗೆಳೆಯರು, ಅವರ ಬಳಿ ಮುದ್ರೆ ಒತ್ತಿದ ಪತ್ರ. ಇವನ ತಲೆ ತೆಗೆಯಿರಿ ಎಂಬ ಆಜ್ಞೆ ಅದರಲ್ಲಿ. ಆದರೆ ಹ್ಯಾಮ್ಲೆಟ್ ಚಂದ್ರಹಾಸನಲ್ಲ. ರಾತ್ರಿ ಹಡಗಿನಲ್ಲಿ ಎದ್ದು ಪತ್ರ ಕದ್ದು ಓದುತ್ತಾನೆ. ಚಿಕ್ಕಂದಿನಲ್ಲಿ ಕಲಿತು ಕೀಳೆಂದು ಮರೆಯಲು ಹೊರಟಿದ್ದ ದಫ್ತರದ ದುಂಡು ಬರಹ ಆ ಹೊತ್ತಿಗೆ ಕೈ ಹಿಡಿಯುತ್ತದೆ. ಪತ್ರ ತಂದವರನ್ನೇ ಕೊಲ್ಲಿ ಎಂದು ಹೊಸ ಪತ್ರ ಬರೆದು, ತಂದೆಯ ಮುದ್ರೆಯುಂಗುರ ಒತ್ತಿ ಇಡುತ್ತಾನೆ. ಗೆಳೆಯರಿಬ್ಬರೂ ಅದೇ ಪತ್ರ ಹೊತ್ತು ಸಾವಿಗೆ ಹೋಗುತ್ತಾರೆ. ಎರಡೂ ಕತೆಗಳಲ್ಲಿ ಸೂತ್ರ ಒಂದೇ: ಓದಿದವನು ಉಳಿಯುತ್ತಾನೆ ಅಥವಾ ಉಳಿಸುತ್ತಾನೆ, ಬರೀ ಹೊತ್ತವನು ಇನ್ನೊಬ್ಬರ ಕೈಯಲ್ಲಿರುತ್ತಾನೆ.

ಪಂಚತಂತ್ರದಲ್ಲಿ ಓಲೆಯಿಲ್ಲ, ಆದರೆ ನಡುವಿನವನಿದ್ದಾನೆ. ಹನ್ನೊಂದನೆಯ ಶತಮಾನದಲ್ಲೇ ಕಲ್ಯಾಣದ ಚಾಲುಕ್ಯ ದೊರೆ ಜಯಸಿಂಹನ ಕಾಲದಲ್ಲಿ ದುರ್ಗಸಿಂಹ ಇದನ್ನು ಕನ್ನಡಕ್ಕೆ ತಂದ. ನೀರು ಕುಡಿಯಲು ಬಂದ ಸಿಂಹಕ್ಕೆ ದೂರದಲ್ಲಿ ಎಂದೂ ಕೇಳದ ಒಂದು ಕೂಗು ಕೇಳಿ ನಡುಕ. ಅದು ಬರೀ ಒಂದು ಎತ್ತಿನ ಕೂಗು. ಅಷ್ಟನ್ನು ಹೋಗಿ ನೋಡಿ ಬಂದದ್ದಷ್ಟೇ ದಮನಕ ಎಂಬ ನರಿಯ ಬಂಡವಾಳ. ಆ ಬಂಡವಾಳದಿಂದ ಆಸ್ಥಾನಕ್ಕೆ ಮರಳುತ್ತಾನೆ, ಎತ್ತಿಗೂ ಸಿಂಹಕ್ಕೂ ಸ್ನೇಹ ಮಾಡಿಸುತ್ತಾನೆ. ತನ್ನನ್ನು ಕೇಳುವವರಿಲ್ಲ ಎಂದಾದಾಗ ಇತ್ತ ಸಿಂಹಕ್ಕೆ "ಎತ್ತು ನಿನ್ನ ಮೇಲೆ ಬೀಳುತ್ತದೆ" ಎಂದೂ, ಅತ್ತ ಎತ್ತಿಗೆ "ಸಿಂಹ ನಿನ್ನನ್ನು ಕೊಲ್ಲುತ್ತದೆ" ಎಂದೂ ಹೇಳುತ್ತಾನೆ. ಇಬ್ಬರೂ ಎಚ್ಚರದಲ್ಲಿ ಮೈ ಬಿಗಿ ಮಾಡಿ ನಿಲ್ಲುತ್ತಾರೆ. ಆ ಬಿಗಿಯೇ ಇಬ್ಬರಿಗೂ ಸಾಕ್ಷಿ. ಎತ್ತು ಸಾಯುತ್ತದೆ. ಸಿಂಹಕ್ಕೆ ಹಲ್ಲೂ ಉಗುರೂ ಎಲ್ಲ ಇತ್ತು; ನೇರವಾಗಿ ಎತ್ತಿನ ಜೊತೆ ಒಂದು ಮಾತು ಆಡುವ ದಾರಿ ಮಾತ್ರ ಇರಲಿಲ್ಲ.

ಇನ್ನೊಂದು ಉದಾಹರಣೆ, ನಮ್ಮ ಕಾಲದ್ದು. ಗಿರೀಶ ಕಾರ್ನಾಡರ ತುಘಲಕ್, 1964ರ ನಾಟಕ. ಸುಲ್ತಾನ ದೊಡ್ಡ ಆದರ್ಶವಾದಿ. ಅನ್ಯಾಯವಾದರೆ ಯಾವ ಪ್ರಜೆಯೂ ಸುಲ್ತಾನನ ಮೇಲೇ ದಾವೆ ಹೂಡಬಹುದು ಎಂದು ಸಾರಿಸುತ್ತಾನೆ. ಡಂಗುರ ಎಲ್ಲರಿಗೂ ಕೇಳಿತು. ಬೇಗ ಲಾಭ ಮಾಡಿಕೊಂಡವನು ಅಜೀಜ್ ಎಂಬ ಅಗಸ. ಬ್ರಾಹ್ಮಣನ ವೇಷ ಹಾಕಿ, ಸರ್ಕಾರ ಕಿತ್ತುಕೊಂಡ ಜಮೀನೊಂದನ್ನು ಹಿಂದಿನ ತಾರೀಖು ಹಾಕಿ ಕೊಂಡಂತೆ ಮಾಡಿ, ದಾವೆ ಗೆದ್ದು, ಐನೂರು ದಿನಾರನ್ನೂ ಸರ್ಕಾರಿ ನೌಕರಿಯನ್ನೂ ಗಿಟ್ಟಿಸುತ್ತಾನೆ. ಮುಂದೆ ತಾಮ್ರದ ನಾಣ್ಯ ಬಂದಾಗ ಖೋಟಾ ನಾಣ್ಯಕ್ಕೆ ಇಳಿಯುತ್ತಾನೆ. ಕಾನೂನು ಜನರಿಗಾಗಿ ಇತ್ತು. ಆದರೆ ಅದರ ಒಳಸುಳಿ ತಿಳಿದವನಿಗೆ ದಕ್ಕಿತು. ಸುಲ್ತಾನ ಕೆಟ್ಟವನಾಗಬೇಕಿಲ್ಲ, ಗೆಳೆಯರೇ. ಆಜ್ಞೆಗೂ ಜನಕ್ಕೂ ನಡುವೆ ಒಂದು ಕಂದಕವಿದ್ದರೆ ಸಾಕು, ಅಲ್ಲೊಬ್ಬ ಅಜೀಜ್ ಹುಟ್ಟಿಕೊಳ್ಳುತ್ತಾನೆ.

ಇಷ್ಟು ಸಾಹಿತ್ಯವಾಯಿತು. ಈಗ ನನ್ನ ಮನೆಯ ಒಂದು ಓಲೆಯ ವಿಷಯ ಹೇಳುತ್ತೇನೆ. ಇದನ್ನು ಹೇಳದಿದ್ದರೆ ಮೇಲಿನದೆಲ್ಲ ಬರೀ ಪಾಂಡಿತ್ಯವಾಗುತ್ತದೆ.

2019ರ ಮಾರ್ಚ್‌ನಲ್ಲಿ ಅಪ್ಪನಿಗೆ ಕಾಮಾಲೆ ಆಯಿತು. ಆಸ್ಪತ್ರೆಯಲ್ಲಿ ಪರೀಕ್ಷೆಗಳಾದವು. ನಮ್ಮ ಬೆಳಗಿನ ಜಾವ ನನ್ನ ವಾಟ್ಸಾಪ್‌ಗೆ ವರದಿಯ ಫೋಟೋ ಬಂತು. ಹಿಂದೆಯೇ ಅಪ್ಪನ ಫೋನ್. "ಏನೋ ಇಂಗ್ಲಿಷಲ್ಲಿ ಎರಡು ಹಾಳೆ ಕೊಟ್ಟಿದ್ದಾರೆ ಕಣೋ. ಡಾಕ್ಟ್ರು ನಿನ್ನ ಜೊತೆ ಮಾತಾಡ್ತಾರಂತೆ. ಏನು ಬರೆದಿದ್ದಾರೆ ನೋಡು."

ಅದು ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರ್, ಯಕೃತ್ತಿಗೂ ಹರಡಿತ್ತು. ಆದರೆ ಕ್ಯಾನ್ಸರ್ ಎಂಬ ಪದ ಆ ಹಾಳೆಗಳಲ್ಲಿ ಎಲ್ಲೂ ಇರಲಿಲ್ಲ. ಅಡಿನೋಕಾರ್ಸಿನೋಮಾ, ಮೆಟಾಸ್ಟಾಟಿಕ್ ಎಂದಿತ್ತು. ಮೂವತ್ತು ವರ್ಷ ಮಕ್ಕಳಿಗೆ ಅಕ್ಷರ ಕಲಿಸಿದವರು, ಜೈಮಿನಿ ಭಾರತವನ್ನು ಪುಸ್ತಕವಿಲ್ಲದೆ ಓದುತ್ತಿದ್ದವರು, ಆ ಎರಡು ಹಾಳೆಯ ಮುಂದೆ ಅನಕ್ಷರಸ್ಥರಾಗಿದ್ದರು.

ನಾನು ಹೇಳಿದೆ: "ಪಿತ್ತನಾಳದಲ್ಲಿ ಅಡ್ಡಿ ಆಗಿದೆ ಅಪ್ಪ. ಒಂದು ನಳಿಕೆ ಹಾಕ್ತಾರೆ, ಕಾಮಾಲೆ ಇಳಿಯುತ್ತೆ."

ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಅಡ್ಡಿ ಆಗಿತ್ತು, ನಳಿಕೆ ಹಾಕಿದರು, ಕಾಮಾಲೆ ಇಳಿಯಿತು. ನಳಿಕೆ ಹಾಕುವ ಮುಂಚೆ ನಾಲ್ಕು ಪುಟದ ಇಂಗ್ಲಿಷ್ ಒಪ್ಪಿಗೆ ಪತ್ರಕ್ಕೆ ಅಪ್ಪ ದುಂಡಗಿನ ಕನ್ನಡದಲ್ಲಿ ಸಹಿ ಹಾಕಿದರು. ವೈದ್ಯರು ನನಗೆ ಎಲ್ಲ ಬಿಡಿಸಿ ಹೇಳಿದರು. ನಾನು ಎಷ್ಟು ಬೇಕೋ ಅಷ್ಟನ್ನು ಮನೆಗೆ ದಾಟಿಸಿದೆ. ಪ್ರೀತಿಯಿಂದಲೇ ಮಾಡಿದೆ. ಅವರು ಕುಗ್ಗಬಾರದು ಎಂದು ಮಾಡಿದೆ.

ಅಪ್ಪನಿಗೆ ತೀರ್ಥಹಳ್ಳಿಯಲ್ಲಿ ಒಬ್ಬ ಅಕ್ಕ. ಅವರನ್ನು ನೋಡಲು ಹೋಗಬೇಕು ಎನ್ನುತ್ತಿದ್ದರು. "ಪೂರ್ತಿ ಹುಷಾರಾಗಲಿ, ದೀಪಾವಳಿ ಕಳೆದ ಮೇಲೆ ಹೋಗೋಣ" ಎಂದು ಮುಂದೂಡಿದರು. ಹುಷಾರಾಗುತ್ತೇನೆ ಎಂದು ಅವರು ನಂಬಿದ್ದು ನನ್ನ ಮಾತಿನಿಂದ. ನವೆಂಬರ್‌ನಲ್ಲಿ ತೀರಿಕೊಂಡರು. ಅತ್ತೆ ಬಂದದ್ದು ಹದಿಮೂರನೇ ದಿನಕ್ಕೆ.

ವರ್ಷದ ಮೇಲೆ ಅಮ್ಮ ಆ ಹಾಳೆಗಳನ್ನು ಪಕ್ಕದ ಮನೆಯ ನರ್ಸಿಂಗ್ ಓದುವ ಹುಡುಗಿಯ ಹತ್ತಿರ ಓದಿಸಿದರು. ಆಮೇಲೆ ನನಗೆ ಫೋನ್ ಮಾಡಿ ಕೇಳಿದ್ದು ಒಂದೇ ಮಾತು. "ನಿನಗೆ ಮೊದಲೇ ಗೊತ್ತಿತ್ತೇನೋ?" ಗೊತ್ತಿತ್ತು ಅಂದೆ. "ಅವರಿಗೆ ಓದೋಕೆ ಬರೋ ಹಾಗೆ ಬರೆದಿದ್ದರೆ ಅವರೇ ಓದ್ಕೋತಿದ್ರು" ಎಂದು ಫೋನ್ ಇಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ನಾನು ನನ್ನನ್ನು ವಿಷಯೆ ಎಂದುಕೊಂಡಿದ್ದೆ. ಒಳ್ಳೆಯ ಮನಸ್ಸಿನಿಂದ ಓಲೆ ತಿದ್ದಿದವನು. ಆದರೆ ವಿಷಯೆಯ ಕತೆಯಲ್ಲೂ ಒಂದು ಮಾತನ್ನು ನಾವು ಗಮನಿಸುವುದಿಲ್ಲ. ಅವಳು ತಿದ್ದಿದ್ದು ತನಗೆ ಬೇಕಾದ ಹಾಗೆ. ಮಲಗಿದ್ದವನನ್ನು ಎಬ್ಬಿಸಿ, ನಿನ್ನ ಓಲೆಯಲ್ಲಿ ಹೀಗಿದೆ, ಏನು ಮಾಡುತ್ತೀಯ ಎಂದು ಕೇಳಲಿಲ್ಲ. ಅವಳ ಆಸೆ, ಅವನ ಒಳಿತು ಎರಡೂ ಒಂದೇ ಆಗಿದ್ದು ಅವನ ಪುಣ್ಯ. ನನ್ನ ವಿಷಯದಲ್ಲಿ ಎರಡೂ ಒಂದೇ ಆಗಿರಲಿಲ್ಲ. ನನಗೆ ಬೇಕಿದ್ದದ್ದು ಫೋನಿನ ಆ ಕಡೆ ಅಪ್ಪ ಅಳಬಾರದು ಎಂಬುದು. ಅಪ್ಪನಿಗೆ ಬೇಕಿದ್ದದ್ದು ಅಕ್ಕನನ್ನು ನೋಡುವುದು. ತಿಳಿದವನ ಹಿಡಿತ ಅಂದರೆ ಇದೇ. ದ್ವೇಷವಿದ್ದಾಗ ಅದು ದುಷ್ಟಬುದ್ಧಿಯಂತೆ ಕಾಣುತ್ತದೆ, ಪ್ರೀತಿಯಿದ್ದಾಗ ಕಾಣುವುದೇ ಇಲ್ಲ.

ಚಂದ್ರಹಾಸನ ಓಲೆಗೆ ಮುದ್ರೆ ಬೇಕಿತ್ತು. ಇವತ್ತು ನಮ್ಮ ಊರುಗಳಲ್ಲಿ ಜನರ ಕೈಗೆ ಕೊಡುವ ಓಲೆಗಳಿಗೆ ಮುದ್ರೆ ಬೇಕಿಲ್ಲ. ವಿಮೆಯ ಪಾಲಿಸಿ, ಸಾಲದ ಕರಾರು, ಆಸ್ಪತ್ರೆಯ ಒಪ್ಪಿಗೆ ಪತ್ರ ಎಲ್ಲ ಬಿಚ್ಚಿಯೇ ಇರುತ್ತವೆ. ಇಂಗ್ಲಿಷೇ ಅವುಗಳ ಮುದ್ರೆ. ಇದರಲ್ಲಿ ನಮ್ಮ ಪಾಲೂ ಇದೆ. "ನಾನು ಒಪ್ಪಿದ್ದೇನೆ" ಎಂಬ ಚೌಕದಲ್ಲಿ ಮೊದಲೇ ಟಿಕ್ ಹಾಕಿಟ್ಟ ಪರದೆಯನ್ನು ನಾನೇ ಒಮ್ಮೆ ಬರೆದಿದ್ದೇನೆ. ಯಾರೂ ಓದುವುದಿಲ್ಲ ಎಂದು ನಮ್ಮ ತಂಡಕ್ಕೆಲ್ಲ ಗೊತ್ತಿತ್ತು. ಯಾರೂ ಓದುವುದಿಲ್ಲ ಎಂಬುದೇ ಆ ಪರದೆಯ ವಿನ್ಯಾಸ.

ಇದಕ್ಕೆ ಎರಡು ಉತ್ತರ ಸಿದ್ಧವಾಗಿರುತ್ತವೆ. ಒಂದು, ಕನ್ನಡದಲ್ಲಿ ಇಂಥದಕ್ಕೆಲ್ಲ ಪದ ಎಲ್ಲಿದೆ? ಶಿವರಾಮ ಕಾರಂತರು 1930ರ ದಶಕದಲ್ಲೇ ಮಕ್ಕಳಿಗಾಗಿ ಬಾಲ ಪ್ರಪಂಚ ಬರೆದು ಜಗತ್ತಿನ ತಿಳಿವಳಿಕೆಯನ್ನು ಕನ್ನಡಕ್ಕೆ ತಂದರು. ವೈದ್ಯೆಯಾಗಿದ್ದ ಅನುಪಮಾ ನಿರಂಜನ ಅವರು ತಾಯಿ ಮಗು ಎಂಬ ಪುಸ್ತಕ ಬರೆದು ಬಸಿರು ಬಾಣಂತನದ ವಿಷಯವನ್ನು ಹೆಣ್ಣುಮಕ್ಕಳ ಕೈಗೇ ಕೊಟ್ಟರು. ಪದ ಇಲ್ಲದ್ದಲ್ಲ, ಬರೆಯುವ ಮನಸ್ಸಿಲ್ಲದ್ದು. ಇನ್ನೊಂದು ಉತ್ತರ, ಈಗ ಫೋನೇ ಅನುವಾದ ಮಾಡುತ್ತದಲ್ಲ? ಮಾಡುತ್ತದೆ, ಉಪಯೋಗವೂ ಹೌದು. ಆದರೆ ತಪ್ಪಾದರೆ ಆಸ್ಪತ್ರೆಯೂ ಬ್ಯಾಂಕೂ ಅದಕ್ಕೆ ಹೊಣೆಯಲ್ಲ. ಸಹಿ ಬೀಳುವುದು ಇಂಗ್ಲಿಷ್ ಹಾಳೆಯ ಕೆಳಗೇ.

ಕಾನೂನು ನಮ್ಮ ಕಡೆ ಇಲ್ಲದಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯಂತೆ ಅರ್ಜಿಯನ್ನು ಆಯಾ ಪ್ರದೇಶದ ಆಡಳಿತ ಭಾಷೆಯಲ್ಲಿ, ಅಂದರೆ ನಮ್ಮಲ್ಲಿ ಕನ್ನಡದಲ್ಲೇ ಕೊಡಬಹುದು. ಚಿಕಿತ್ಸೆಗೆ ಒಪ್ಪಿಗೆ ಪಡೆಯುವ ಮುಂಚೆ, ರೋಗಿ ತಾನೇ ತೀರ್ಮಾನ ಮಾಡಲು ಬೇಕಾದಷ್ಟು ಮಾಹಿತಿ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದೆ. ಅರ್ಥವಾಗದ ಭಾಷೆಯಲ್ಲಿ ಕೊಟ್ಟದ್ದು ಮಾಹಿತಿ ಹೇಗಾಗುತ್ತದೆ? ಇದನ್ನು ಕೇಳುವವರು ಬೇಕು.

ಅದಕ್ಕೇ ನನ್ನ ಮನವಿ ಮೂರು. ಊರಿನಿಂದ ಓಲೆ ಬಂದಾಗ ಪೂರ್ತಿ ಓದಿ ಹೇಳಿ, ನಿಮಗೆ ಬೇಕಾದಷ್ಟನ್ನಲ್ಲ. ಎರಡನೆಯದು, ನಮ್ಮಲ್ಲಿ ಎಷ್ಟೋ ಜನ ಬ್ಯಾಂಕು, ವಿಮೆ, ಆಸ್ಪತ್ರೆಗಳ ತಂತ್ರಾಂಶ ಬರೆಯುವವರು. ಕನ್ನಡದ ನಮೂನೆ ಸೇರಿಸಿ ಎಂದು ಸಭೆಯಲ್ಲಿ ಒಂದು ಸಲ ಕೈ ಎತ್ತಿ. ಮೂರನೆಯದು, ಊರಿಗೆ ಹೋದಾಗ ಅಪ್ಪ ಅಮ್ಮನ ಪರವಾಗಿ ಸಹಿ ಹಾಕಿ ಬರುವ ಬದಲು, ಇದನ್ನು ಕನ್ನಡದಲ್ಲಿ ಕೊಡಿ ಎಂದು ಬರೆದು ಕೇಳಿ ಬನ್ನಿ. ಕೇಳಿದ್ದಕ್ಕೆ ಲಿಖಿತ ಉತ್ತರ ಕೇಳಿ.

ನಾವು ಹೊರನಾಡಿನವರು ಊರಿನವರಿಗೆ ಸಹಾಯ ಮಾಡುತ್ತೇವೆ ಎಂದು ಹೆಮ್ಮೆ ಪಡುತ್ತೇವೆ. ಓದಿ ಹೇಳುವವರು ನಾವಾಗಿರುವವರೆಗೂ ಅವರು ನಮ್ಮ ಕೈಯಲ್ಲಿರುತ್ತಾರೆ. ನಮ್ಮ ಅಗತ್ಯವೇ ಬೀಳದ ಹಾಗೆ ಮಾಡುವುದು ನಿಜವಾದ ಸಹಾಯ.

ಅಪ್ಪನ ಜೈಮಿನಿ ಭಾರತದ ಪ್ರತಿ ಈಗ ನನ್ನ ಮೇಜಿನ ಮೇಲಿದೆ. ಚಂದ್ರಹಾಸನ ಭಾಗ ಬಂದಾಗಲೆಲ್ಲ, ಆ ತೋಟದಲ್ಲಿ ಅವನನ್ನು ಯಾರಾದರೂ ಎಬ್ಬಿಸಬಾರದಿತ್ತೇ ಅನಿಸುತ್ತದೆ.

 ಸಿರಿಗನ್ನಡಂ ಗೆಲ್ಗೆ.