ಲೋಕಲ್ ಗಾರ್ಡಿಯನ್ ಕಾಲಂನಲ್ಲಿ ನಿಮ್ಮ ಹೆಸರು

ಹೈದರಾಬಾದ್‌ನಲ್ಲಿರೋ ಕನ್ನಡದವರಿಗೆ ಜೂನ್, ಜುಲೈ ಬಂತು ಅಂದ್ರೆ ಊರಿಂದ ಒಂದು ಫೋನ್ ಬಂದೇ ಬರುತ್ತೆ. ದೊಡ್ಡಮ್ಮನ ಮೊಮ್ಮಗನಿಗೋ, ಪಕ್ಕದ ಮನೆ ಮೇಷ್ಟ್ರ ಮಗಳಿಗೋ ಇಲ್ಲಿ ಸೀಟು ಸಿಕ್ಕಿರುತ್ತೆ. "ನೀನು ಅಲ್ಲೇ ಇದ್ದೀಯಲ್ಲಪ್ಪ, ಹಾಸ್ಟೆಲ್ ಫಾರ್ಮ್‌ನಾಗ ನಿನ್ನ ಹೆಸರು ಕೊಡ್ತೀವಿ" ಅಂತಾರೆ. ನಾವು ಹೂಂ ಅಂತೀವಿ, ಆಧಾರ್ ಕಾಪಿ ವಾಟ್ಸಾಪ್‌ನಲ್ಲಿ ಕಳಿಸ್ತೀವಿ, ಅಲ್ಲಿಗೆ ಮುಗೀತು. ಲೋಕಲ್ ಗಾರ್ಡಿಯನ್ ಅನ್ನೋ ಆ ಕಾಲಂನಲ್ಲಿ ಈಗ ನನ್ನ ಹೆಸರು ಮೂರು ಫಾರ್ಮ್‌ಗಳಲ್ಲಿದೆ. ಈ ಚಾನೆಲ್ ನೋಡೋರಲ್ಲಿ ಬಹಳ ಜನರ ಹೆಸರೂ ಒಂದಲ್ಲ ಒಂದು ಕಡೆ ಇರುತ್ತೆ.

ಹಾಗಾಗಿ ಇವತ್ತಿನ ವಿಷಯ: ಕ್ಯಾಂಪಸ್ ಒಳಗೆ ವಿದ್ಯಾರ್ಥಿಗೆ ಏನೇನು ನೆರವು ಇದೆ, ಅದನ್ನ ಹೇಗೆ ಕೇಳಬೇಕು, ಮತ್ತು ಅದರಲ್ಲಿ ನಮ್ಮ ಕೆಲಸ ಏನು. ನಾನು ಡಾಕ್ಟರ್ ಅಲ್ಲ, ಲಾಯರ್ ಅಲ್ಲ. ಇಲ್ಲೇ ಎಂಟೆಕ್ ಮಾಡಿ ಇಲ್ಲೇ ಕೆಲಸಕ್ಕೆ ಸೇರಿದ ಸಾಫ್ಟ್‌ವೇರ್ ಎಂಜಿನಿಯರ್. ಡಾಕ್ಯುಮೆಂಟೇಶನ್ ಓದೋ ಅಭ್ಯಾಸ ಇದೆ, ಅಷ್ಟೆ.

ಈ ಊರಿಗೆ ನಮ್ಮ ಕಡೆ ಹುಡುಗರು ಓದೋಕೆ ಬರೋದು ಹೊಸದೇನಲ್ಲ. 1956ರವರೆಗೂ ಬೀದರ್, ಕಲಬುರಗಿ, ರಾಯಚೂರಿಗೆ ಹೈದರಾಬಾದೇ ರಾಜಧಾನಿ. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಶುರುವಾದಾಗ ಪಾಠ ಉರ್ದುವಿನಲ್ಲಿ. ಮನೆಯಲ್ಲಿ ಕನ್ನಡ, ಕ್ಲಾಸಲ್ಲಿ ಉರ್ದು. ಈಗ ಮನೆಯಲ್ಲಿ ಕನ್ನಡ, ಕ್ಲಾಸಲ್ಲಿ ಇಂಗ್ಲಿಷ್, ಮೆಸ್‌ನಲ್ಲಿ ತೆಲುಗು, ಹಾಸ್ಟೆಲ್ ರೂಮಲ್ಲಿ ಹಿಂದಿ. 1938ರಲ್ಲಿ ಹಾಸ್ಟೆಲ್‌ನಲ್ಲಿ ವಂದೇ ಮಾತರಂ ಹಾಡಿದ್ದಕ್ಕೆ ಉಸ್ಮಾನಿಯಾ ಹುಡುಗರನ್ನ ಹೊರಗೆ ಹಾಕ್ತು. ಅವರಲ್ಲಿ ಬಹಳ ಮಂದಿಯನ್ನ ಸೇರಿಸಿಕೊಂಡಿದ್ದು ನಾಗ್ಪುರ ವಿಶ್ವವಿದ್ಯಾಲಯ. ಮುಂದೆ ಪ್ರಧಾನಿಯಾದ ಪಿ.ವಿ. ನರಸಿಂಹರಾವ್ ಆ ಚಳವಳಿಯ ಕಾಲದಲ್ಲಿ ನಾಗ್ಪುರಕ್ಕೆ ಹೋಗಿ ಓದಿದವರು. ಆಗ ಕೌನ್ಸೆಲಿಂಗ್ ಸೆಲ್ ಇರಲಿಲ್ಲ, ಇನ್ನೊಂದು ಊರು ಬಾಗಿಲು ತೆಗೀತು.

ಈಗಿನ ಲೆಕ್ಕಕ್ಕೆ ಬರೋಣ. ಗಚ್ಚಿಬೌಲಿಯಲ್ಲಿ 1974ರ ಹೈದರಾಬಾದ್ ವಿಶ್ವವಿದ್ಯಾಲಯ ಇದೆ, ಹತ್ತಿರದಲ್ಲೇ 1998ರ ಐಐಐಟಿ, ಅದೇ ವರ್ಷದ ಮೌಲಾನಾ ಆಜಾದ್ ಉರ್ದು ವಿಶ್ವವಿದ್ಯಾಲಯ. ಬೀದರ್ ಬಸ್ಸಲ್ಲಿ ಕೂತರೆ ಸಂಗಾರೆಡ್ಡಿಗೆ ಮೊದಲು ಕಂದಿಯಲ್ಲಿ ಐಐಟಿ ಕಾಣುತ್ತೆ. ಎಲ್ಲಾ ಕಡೆ ಹೆಲ್ತ್ ಸೆಂಟರ್, ವಾರ್ಡನ್, ಡೀನ್ ಇದ್ದೇ ಇರ್ತಾರೆ. ಐಐಟಿ ಹೈದರಾಬಾದ್‌ನಲ್ಲಿ ಸನ್‌ಶೈನ್ ಅಂತ ಒಂದು ಕೌನ್ಸೆಲಿಂಗ್ ಸೆಲ್ ಇದೆ. ಅಲ್ಲಿ ಕೌನ್ಸೆಲರ್‌ಗಳ ಜೊತೆ ಸೀನಿಯರ್ ವಿದ್ಯಾರ್ಥಿಗಳೇ ಹೊಸಬರಿಗೆ ಮೆಂಟರ್, ಬಡ್ಡಿ ಆಗಿರ್ತಾರೆ. ನನಗೆ ಈ ಪದ್ಧತಿ ಬಹಳ ಇಷ್ಟ. ರಾತ್ರಿ ಒಂದು ಗಂಟೆಗೆ ಯಾವ ಆಫೀಸೂ ತೆಗೆದಿರಲ್ಲ, ಪಕ್ಕದ ರೂಮಿನ ಸೀನಿಯರ್ ಎದ್ದಿರ್ತಾನೆ.

ಆದರೆ ನನ್ನನ್ನ ಕೇಳಿದ್ರೆ ಕ್ಯಾಂಪಸ್‌ನ ಮೊದಲನೇ ನೆರವಿನ ಕೇಂದ್ರ ಕೌನ್ಸೆಲಿಂಗ್ ರೂಮ್ ಅಲ್ಲ, ಅಕೌಂಟ್ಸ್ ಸೆಕ್ಷನ್. ನಗಬೇಡಿ, ನಿಜವಾಗ್ಲೂ. ಗೇಟ್ ಬರೆದು ಎಂಟೆಕ್ ಸೇರಿದವನಿಗೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್. ನಮ್ಮ ಬ್ಯಾಚ್‌ನಲ್ಲಿ ಅದು ತಡವಾಗಿ ಬಂದ ತಿಂಗಳುಗಳಿದ್ದವು. ಮನೆಯಿಂದ ದುಡ್ಡು ತರಿಸಿಕೊಳ್ಳೋರಿಗೆ ಅದು ಬರೀ ಕಿರಿಕಿರಿ. ಸ್ಟೈಪೆಂಡ್‌ನಲ್ಲೇ ಮನೆಗೆ ಕಳಿಸ್ತಿದ್ದ ಒಬ್ಬ ಗೆಳೆಯ ಮಾತ್ರ ಮೆಸ್ ಬಿಲ್ ಬಾಕಿ ಅಂತ ಊಟಕ್ಕೆ ಹೋಗೋದನ್ನೇ ಕಡಿಮೆ ಮಾಡಿದ. ನಮಗೆ ಹೇಳಿದ್ದು "ಹಸಿವಿಲ್ಲ ಮಾರಾಯ" ಅಂತ.

ಇದೇ ಊರಲ್ಲಿ ಇದಕ್ಕೊಂದು ಹೆಸರಿದೆ, ದೇಶಕ್ಕೆಲ್ಲ ಗೊತ್ತಿರೋ ಹೆಸರು. ರೋಹಿತ್ ವೇಮುಲ, ಹೈದರಾಬಾದ್ ವಿಶ್ವವಿದ್ಯಾಲಯದ ಪಿಎಚ್‌ಡಿ ವಿದ್ಯಾರ್ಥಿ, ತೀರಿಕೊಂಡಿದ್ದು 2016ರ ಜನವರಿ 17ಕ್ಕೆ. ಅವರೂ ಸೇರಿ ಐದು ದಲಿತ ವಿದ್ಯಾರ್ಥಿಗಳನ್ನ ಹಾಸ್ಟೆಲ್‌ನಿಂದ ಹೊರಗೆ ಹಾಕಿದ್ರು. ಅದರ ರಾಜಕೀಯದ ಬಗ್ಗೆ ಎಷ್ಟೋ ಮಾತಾಗಿದೆ. ಅವರು ಬರೆದಿಟ್ಟ ಪತ್ರದಲ್ಲಿ ಒಂದು ಲೆಕ್ಕವೂ ಇತ್ತು ಅನ್ನೋದು ಎಲ್ಲರ ನೆನಪಲ್ಲೂ ಇರಲ್ಲ: ಏಳು ತಿಂಗಳ ಫೆಲೋಶಿಪ್ ಬಾಕಿ, 1.75 ಲಕ್ಷ ರೂಪಾಯಿ, ಅದನ್ನ ಮನೆಯವರಿಗೆ ತಲುಪಿಸಿ ಅಂತ. ಆಮೇಲೆ ರೋಹಿತ್ ಅವರ ತಾಯಿ ಮತ್ತು ಮುಂಬೈನಲ್ಲಿ ತೀರಿಕೊಂಡ ವೈದ್ಯೆ ಪಾಯಲ್ ತಡವಿ ಅವರ ತಾಯಿ, ಇಬ್ಬರೂ 2019ರಲ್ಲಿ ಸುಪ್ರೀಂ ಕೋರ್ಟ್‌ಗೆ ಹೋದರು. ಜಾತಿ ತಾರತಮ್ಯ ತಡೆಯೋಕೆ 2012ರಲ್ಲೇ ಯುಜಿಸಿ ನಿಯಮ ಮಾಡಿತ್ತು, ಅದು ಕ್ಯಾಂಪಸ್‌ಗಳಲ್ಲಿ ನಡೀತಿಲ್ಲ ಅನ್ನೋದು ಅವರ ದೂರು. ನಿಯಮ ಇತ್ತು, ಹುಡುಗನೂ ಇದ್ದ, ಎರಡರ ಮಧ್ಯೆ ಯಾರೂ ಇರಲಿಲ್ಲ.

ದುಡ್ಡಿನ ವಿಷಯದಲ್ಲಿ ನೀವು ಮಾಡಬಹುದಾದ ಕೆಲಸ ಇದೆ. ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್ ಬಗ್ಗೆ ಇಲ್ಲಿ ಕೇಳಿದ್ರೆ "ನೀವು ತೆಲಂಗಾಣದವರಲ್ಲ" ಅಂತಾರೆ. ಅದು ಸರಿಯೇ. ಎಸ್‌ಸಿ ವಿದ್ಯಾರ್ಥಿಗಳ ಯೋಜನೆಯಲ್ಲಿ ಹಣ ಕೊಡಬೇಕಾದ್ದು ಹುಡುಗ ಓದ್ತಿರೋ ರಾಜ್ಯ ಅಲ್ಲ, ಅವನ ಸ್ವಂತ ರಾಜ್ಯ. ಆದಾಯ ಮಿತಿ ವರ್ಷಕ್ಕೆ 2.5 ಲಕ್ಷ. ಅಂದ್ರೆ ಅರ್ಜಿ ಕರ್ನಾಟಕದ ಕಡೆಯಿಂದ ಹೋಗಬೇಕು, ಕಾಲೇಜಿನ ಸಹಿ ಇಲ್ಲಿಂದ ಬೇಕು, ಜಾತಿ ಮತ್ತು ಆದಾಯ ಪ್ರಮಾಣಪತ್ರ ಊರಿನ ನಾಡಕಚೇರಿಯಿಂದ ಬೇಕು. ಎರಡು ರಾಜ್ಯದ ಮಧ್ಯೆ ಓಡಾಡೋ ಈ ಕಾಗದದಲ್ಲೇ ಎಷ್ಟೋ ಹುಡುಗರು ಕೈ ಬಿಡ್ತಾರೆ. ವೀಕೆಂಡ್‌ಗೆ ಊರಿಗೆ ಹೋಗೋ ನಮ್ಮಂಥವರು ಒಂದು ಫೈಲ್ ಹೊತ್ಕೊಂಡು ಹೋಗಬಹುದು ಅಲ್ವಾ?

ಇನ್ನೊಂದು. ಯುಜಿಸಿಯ 2023ರ ವಿದ್ಯಾರ್ಥಿ ಕುಂದುಕೊರತೆ ನಿಯಮ ಓದಿ, ದೊಡ್ಡದೇನಲ್ಲ. ಸ್ಕಾಲರ್‌ಶಿಪ್ ತಡ ಮಾಡೋದು, ಮೂಲ ಮಾರ್ಕ್ಸ್ ಕಾರ್ಡ್ ಇಟ್ಕೊಂಡು ವಾಪಸ್ ಕೊಡದೇ ಇರೋದು, ಇವೆಲ್ಲ ಅದರ ಪ್ರಕಾರ ದೂರು ಕೊಡಬಹುದಾದ ವಿಷಯಗಳು. ಕಾಲೇಜಿನ ಸಮಿತಿ 15 ಕೆಲಸದ ದಿನದಲ್ಲಿ ವರದಿ ಕೊಡಬೇಕು. ಒಪ್ಪಿಗೆಯಾಗದಿದ್ದರೆ ಆಂಬುಡ್ಸ್‌ಪರ್ಸನ್ ಹತ್ರ ಹೋಗಬಹುದು. ಆ ಸ್ಥಾನಕ್ಕೆ ನಿವೃತ್ತ ಕುಲಪತಿ, ನಿವೃತ್ತ ಪ್ರೊಫೆಸರ್ ಅಥವಾ ಮಾಜಿ ಜಿಲ್ಲಾ ನ್ಯಾಯಾಧೀಶರನ್ನ ನೇಮಿಸ್ತಾರೆ. ಐಐಟಿಗಳು ಯುಜಿಸಿ ಕೆಳಗೆ ಬರಲ್ಲ, ಅವಕ್ಕೆ ಅವುಗಳದ್ದೇ ವ್ಯವಸ್ಥೆ. ಬಾಯಲ್ಲಿ ಹೇಳಿದ ದೂರು ದೂರಲ್ಲ. ಇಮೇಲ್ ಮಾಡಿಸಿ, ತಾರೀಖು ಇರಲಿ. ಬಗ್ ರಿಪೋರ್ಟ್ ಮಾಡ್ತೀವಲ್ಲ, ಹಾಗೇ: ಏನಾಯ್ತು, ಯಾವತ್ತು ಆಯ್ತು, ಏನಾಗಬೇಕಿತ್ತು. ಕೋಪ ಬೇರೆ ಕಡೆ ಇಟ್ಕೊಳ್ಳಿ.

ರ‍್ಯಾಗಿಂಗ್‌ಗೆ 2009ರ ನಿಯಮ ಇದೆ, 1800-180-5522 ಹೆಲ್ಪ್‌ಲೈನ್ ಇದೆ. ಹೆಣ್ಣುಮಕ್ಕಳ ದೂರಿಗೆ ಆಂತರಿಕ ದೂರು ಸಮಿತಿ ಇರಲೇಬೇಕು, ಅದರಲ್ಲಿ ಹೊರಗಿನ ಸದಸ್ಯರೊಬ್ಬರು ಇರಲೇಬೇಕು. ಅಂಗವೈಕಲ್ಯ ಅಂದ್ರೆ ಕಣ್ಣು ಕಾಲು ಮಾತ್ರ ಅಲ್ಲ, 2016ರ ಕಾಯ್ದೆಯ 21 ಬಗೆಗಳಲ್ಲಿ ಓದು ಬರಹದ ಕಲಿಕಾ ತೊಂದರೆಯೂ ಇದೆ. ಪ್ರಮಾಣಪತ್ರ ಇದ್ದರೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಕೇಳಬಹುದು. ಇವುಗಳ ಬಗ್ಗೆ ಬೇರೆ ವಿಡಿಯೋ ಮಾಡೋಣ.

ಈಗ ಕೌನ್ಸೆಲಿಂಗ್ ರೂಮಿಗೆ ಹೋಗೋಣ. ಸರ್ಕಾರದ ಲೆಕ್ಕದಲ್ಲೇ 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ತೀರಿಕೊಂಡರು. ವಿಶಾಖಪಟ್ಟಣದಲ್ಲಿ ನೀಟ್‌ಗೆ ಓದ್ತಿದ್ದ 17 ವರ್ಷದ ಹುಡುಗಿಯೊಬ್ಬಳ ಸಾವಿನ ಪ್ರಕರಣದಲ್ಲಿ 2025ರ ಜುಲೈ 25ಕ್ಕೆ ಸುಪ್ರೀಂ ಕೋರ್ಟ್ 15 ಮಾರ್ಗಸೂಚಿ ಕೊಟ್ಟಿತು. ಕಾನೂನು ಬರೋವರೆಗೆ ಎಲ್ಲಾ ಶಿಕ್ಷಣ ಸಂಸ್ಥೆಗಳೂ ಅದನ್ನ ಪಾಲಿಸಲೇಬೇಕು. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿದ್ದರೆ ತರಬೇತಿ ಪಡೆದ ಒಬ್ಬ ಕೌನ್ಸೆಲರ್ ಆದ್ರೂ ಇರಬೇಕು. ಸಹಾಯವಾಣಿ ನಂಬರ್‌ಗಳನ್ನ ಹಾಸ್ಟೆಲ್, ಕ್ಲಾಸ್‌ರೂಮ್‌ಗಳಲ್ಲಿ ದೊಡ್ಡಕ್ಷರದಲ್ಲಿ ಹಾಕಿರಬೇಕು. ಸಿಬ್ಬಂದಿಗೆ ವರ್ಷಕ್ಕೆ ಎರಡು ಸಲ ತರಬೇತಿ ಆಗಬೇಕು. ಕೋಚಿಂಗ್ ಸೆಂಟರ್‌ಗಳಿಗೂ ಇದು ಅನ್ವಯ, ತೀರ್ಪಿನಲ್ಲಿ ಹೈದರಾಬಾದ್ ಹೆಸರೇ ಇದೆ. ಸೀಟು ಬಿಡಿಸೋಕೆ ಜೊತೆಗೆ ಹೋದಾಗ ಪ್ಲೇಸ್‌ಮೆಂಟ್ ಎಷ್ಟು ಅಂತ ಕೇಳ್ತೀರಲ್ಲ, ಕೌನ್ಸೆಲರ್ ಯಾರು, ಯಾವ ಬಿಲ್ಡಿಂಗ್‌ನಲ್ಲಿ ಕೂರ್ತಾರೆ ಅಂತಲೂ ಕೇಳಿ. ಉತ್ತರ ಕೊಡೋಕೆ ಅವರು ತಡವರಿಸಿದ್ರೆ ಅದೇ ಉತ್ತರ.

ಕೌನ್ಸೆಲರ್ ಇದ್ದರೂ ಭಾಷೆಯ ಪ್ರಶ್ನೆ ಉಳಿಯುತ್ತೆ. ಸಿಂಧನೂರು ಕಡೆಯ ಒಬ್ಬ ಹುಡುಗ, ನಾನು ಗಾರ್ಡಿಯನ್ ಆಗಿರೋನು, ಎರಡನೇ ಸೆಮಿಸ್ಟರ್‌ನಲ್ಲಿ ಹೇಗೋ ಧೈರ್ಯ ಮಾಡಿ ತನ್ನ ಕಾಲೇಜಿನ ಕೌನ್ಸೆಲರ್ ಹತ್ರ ಹೋದ. ಅವನ ಮನಸ್ಸಲ್ಲಿದ್ದ ಮಾತು "ಬ್ಯಾಸರ ಆಗ್ಯಾದ". ಇಂಗ್ಲಿಷ್‌ನಲ್ಲಿ ಹೇಳಬೇಕಲ್ಲ, ಹೇಳಿದ: "ಮೇಡಂ, ಐ ಆಮ್ ಫೀಲಿಂಗ್ ಬೋರ್". ಅವರು ಯಾವುದಾದ್ರೂ ಕ್ಲಬ್ ಸೇರ್ಕೋ ಅಂದ್ರಂತೆ. ಅವರ ತಪ್ಪು ಅಂತ ನಾನು ಹೇಳಲ್ಲ, ಅವರ ಕಿವಿಗೆ ಬಿದ್ದಿದ್ದು ಅಷ್ಟೇ. ನಮ್ಮ ಕಡೆ ಬ್ಯಾಸರ ಅಂದ್ರೆ ಹೊತ್ತು ಹೋಗ್ತಿಲ್ಲ ಅಂತಲೂ ಆಗಬಹುದು, ಜೀವವೇ ಬ್ಯಾಸರ ಅಂತಲೂ ಆಗಬಹುದು. ಯಾವುದು ಅಂತ ಹೇಳೋ ದನಿ ಕೇಳಿದವರಿಗೇ ಗೊತ್ತಾಗೋದು.

ಭಾನುವಾರ ಮನೆಗೆ ಊಟಕ್ಕೆ ಬಂದಾಗ ಅವನು ಈ ಕಥೆಯನ್ನ ಜೋಕ್ ತರ ಹೇಳಿದ. ನಮ್ಮ ಮನೆಯವಳು ರೊಟ್ಟಿ ಬಡಿಯೋದು ನಿಲ್ಲಿಸಿ ಕೇಳಿದ್ಳು, "ಈಗ ಹ್ಯಾಂಗೈತೋ ತಮ್ಮಾ, ಖರೇ ಹೇಳು." ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ರಾತ್ರಿ ನಿದ್ದಿ ಬರವಲ್ದು ಅಕ್ಕಾ, ಎರಡು ತಿಂಗಳಾತು" ಅಂದ. ಆ ಸಂಜೆ ನಮ್ಮ ಬಾಲ್ಕನಿಯಲ್ಲಿ ಕೂತೇ 14416ಕ್ಕೆ ಫೋನ್ ಮಾಡಿದ.

ಈ ನಂಬರ್ ಬಗ್ಗೆ ಹೇಳ್ತೀನಿ, ಬರ್ಕೊಳ್ಳಿ. ಟೆಲಿ ಮಾನಸ್. ಕೇಂದ್ರ ಸರ್ಕಾರದ್ದು, 2022ರ ಅಕ್ಟೋಬರ್ 10ಕ್ಕೆ ಶುರುವಾಗಿದ್ದು. ಮೇಲುಸ್ತುವಾರಿ ನಮ್ಮ ನಿಮ್ಹಾನ್ಸ್‌ದು, ತಂತ್ರಜ್ಞಾನದ ನೆರವು ಬೆಂಗಳೂರಿನ ಐಐಐಟಿದು. 24 ಗಂಟೆ, ಉಚಿತ. ಕರೆ ಮಾಡಿದಾಗ ಭಾಷೆ ಆರಿಸ್ಕೋಬಹುದು, ಕನ್ನಡ ಇದೆ. ಹೆಸರು ಹೇಳಲೇಬೇಕು ಅಂತಿಲ್ಲ. ಅವನು ಇಪ್ಪತ್ತು ನಿಮಿಷ ಮಾತಾಡಿದ. ನಾವು ಒಳಗೆ ಟಿವಿ ಜೋರು ಮಾಡಿ ಕೂತಿದ್ವಿ, ಅವನ ಮಾತು ನಮ್ಮ ಕಿವಿಗೆ ಬೀಳಬಾರದು ಅಂತ. ಅಲ್ಲಿಂದ ಸೈಕಿಯಾಟ್ರಿಸ್ಟ್ ನೋಡು ಅಂದ್ರು, ಹೋದ. ಒಂದು ಪೇಪರ್ ಮುಂದಿನ ಸೆಮಿಸ್ಟರ್‌ಗೆ ಬಿಟ್ಟ. ಮನೆಯಲ್ಲಿ ಅದಕ್ಕೆ ದೊಡ್ಡ ಗಲಾಟೆಯಾಯ್ತು, ಅವರ ಅಪ್ಪನ ಹತ್ರ ಎರಡು ಗಂಟೆ ಫೋನಲ್ಲಿ ಮಾತಾಡಿದ್ದು ನಾನೇ. "ಕಾಕಾ, ಜ್ವರ ಬಂದಾಗ ಪರೀಕ್ಷಿ ಬಿಡ್ತಾರಲ್ರೀ, ಇದೂ ಹಂಗೇ" ಅಂದೆ. ಅವರು ಪೂರ್ತಿ ಒಪ್ಪಿದ್ರು ಅಂತ ಹೇಳಲಾರೆ. ಆದರೆ ಮಗನಿಗೆ ಬೈಯೋದು ನಿಲ್ಲಿಸಿದ್ರು. ಇದನ್ನೆಲ್ಲ ಅವನನ್ನ ಕೇಳಿಯೇ ಇಲ್ಲಿ ಹೇಳ್ತಿದ್ದೀನಿ.

ಚಾಟ್‌ನಲ್ಲಿ ಒಂದು ಪ್ರಶ್ನೆ ಮೂರು ಜನ ಕೇಳಿದ್ದಾರೆ: ಕೌನ್ಸೆಲರ್ ಹತ್ರ ಹೋದ್ರೆ ಮನೆಗೆ ಗೊತ್ತಾಗುತ್ತಾ, ಪ್ಲೇಸ್‌ಮೆಂಟ್‌ಗೆ ತೊಂದರೆ ಆಗುತ್ತಾ ಅಂತ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಚಿಕಿತ್ಸೆಯ ಮಾಹಿತಿ ಗೋಪ್ಯ. ಜೀವಕ್ಕೆ ಅಪಾಯ ಇದ್ದಂಥ ಕೆಲವು ಸಂದರ್ಭ ಬಿಟ್ಟು ಬೇರೆಯವರಿಗೆ ಕೊಡೋ ಹಾಗಿಲ್ಲ. ಮೊದಲ ದಿನವೇ ಕೌನ್ಸೆಲರ್ ಎದುರು ಕೂತು "ಇದು ಯಾರಿಗೆಲ್ಲ ಹೋಗುತ್ತೆ?" ಅಂತ ನೇರವಾಗಿ ಕೇಳೋಕೆ ಹುಡುಗರಿಗೆ ಹೇಳಿ. ಒಳ್ಳೆ ಕೌನ್ಸೆಲರ್ ಆಗಿದ್ದರೆ ಆ ಪ್ರಶ್ನೆಗೆ ಬೇಜಾರು ಮಾಡ್ಕೊಳ್ಳಲ್ಲ. ಅದೇ ಕಾಯ್ದೆಯ 115ನೇ ಸೆಕ್ಷನ್ ಬಗ್ಗೆ ಒಬ್ಬರು ಕೇಳಿದ್ದಾರೆ. ಆತ್ಮಹತ್ಯೆಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಶಿಕ್ಷೆ ಕೊಡೋ ಹಾಗಿಲ್ಲ ಅನ್ನುತ್ತೆ ಅದು. ಪೊಲೀಸ್ ಕೇಸ್ ಆಗುತ್ತೆ ಅಂತ ಹೆದರಿ ಆಸ್ಪತ್ರೆಗೆ ತಡ ಮಾಡಬೇಡಿ.

ಕೊನೇ ಪ್ರಶ್ನೆ, ಮಿಯಾಪುರದಿಂದ ಒಬ್ಬರದು: ಹುಡುಗಿಯ ಫಾರ್ಮ್‌ಗೆ ಸಹಿ ಮಾಡಿ ವರ್ಷ ಆಯ್ತು, ಒಂದ್ಸಲನೂ ಮಾತಾಡಿಸಿಲ್ಲ, ಈಗ ಏನಂತ ಫೋನ್ ಮಾಡಲಿ ಅಂತ. ಏನೂ ನೆಪ ಬೇಡ ಸರ್. ಮನೇಲಿ ಜೋಳದ ರೊಟ್ಟಿ ಮಾಡಿದ್ದೀವಿ, ಭಾನುವಾರ ಬಾಮ್ಮಾ ಅನ್ನಿ. ಮಿಯಾಪುರಕ್ಕೆ ಮೆಟ್ರೋ ಇದೆಯಲ್ಲ.