ಉಂಗುರ ಬಡಿಯಲು ಹೊರಟವರಿಗೆ
(ಭಾಂಡುಪ್‌ನಲ್ಲಿ ರಾಜ್ಯೋತ್ಸವದಂದು ಮಾಡಿದ ಭಾಷಣ)



ನಾಡಹಬ್ಬದ ದಿನ ಕಮ್ಮಾರಿಕೆಯ ಮಾತೇಕೆ ಎಂದು ಕೆಲವರಿಗೆ ಅನ್ನಿಸೀತು. 1795ರಲ್ಲಿ ಜಾರ್ಜ್ ಪಿಯರ್ಸನ್ ಎಂಬವರು ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ 'ವೂಟ್ಜ್' ಎಂಬ ಲೋಹದ ಮೇಲೆ ಪ್ರಬಂಧ ಓದಿದರು. ಆ ಹೆಸರು ನಮ್ಮ 'ಉಕ್ಕು' ಎಂಬ ಮಾತಿನಿಂದಲೇ ಹುಟ್ಟಿತೆಂದು ಅನೇಕ ಪಂಡಿತರ ಮತ. ಭಾಂಡುಪ್ ಕೂಡ ಒಂದು ಕಾಲಕ್ಕೆ ಕಾರಖಾನೆಯ ಭೋಂಗಾ ಕೇಳಿ ಏಳುತ್ತಿದ್ದ ಊರು. ನಮ್ಮವರಲ್ಲಿ ಎಷ್ಟೋ ಮಂದಿ ಕಬ್ಬಿಣ ಮುಟ್ಟಿ ಅನ್ನ ಕಂಡರು. ಈಗ ಅವರ ಮೊಮ್ಮಕ್ಕಳು ಸುತ್ತಿಗೆಯ ಹಿಡಿಯನ್ನು ತುದಿಯಲ್ಲಿ ಹಿಡಿಯಬೇಕೋ ನಡುವೆಯೋ ಎಂದು ಕೇಳುತ್ತಾರೆ. ಕೇಳಿದರಲ್ಲ, ಅದೇ ಸಂತೋಷ. ಹಾಗೆ ಕೇಳಿದ ಹುಡುಗರಿಗೆ ನಾನು ಮೊದಲು ಕೊಟ್ಟ ಕೆಲಸ ಉಂಗುರ.

ಉಂಗುರ ಚಿಕ್ಕದು, ಆದ್ದರಿಂದ ಸುಲಭ ಎಂದು ತಿಳಿಯುವುದೇ ಮೊದಲ ತಪ್ಪು. ನೇಗಿಲ ಗುಳ ಕಾವನ್ನು ಹಿಡಿದಿಟ್ಟುಕೊಳ್ಳುತ್ತದೆ. ಬೆರಳಷ್ಟು ಕಬ್ಬಿಣ ಕುಲುಮೆಯಿಂದ ಹೊರಬಂದು ನಾಲ್ಕು ಪೆಟ್ಟು ಬೀಳುವುದರೊಳಗೆ ಕಪ್ಪಾಗುತ್ತದೆ. ಕಿತ್ತಳೆ ಬಣ್ಣವಿದ್ದಾಗ ಬಡಿಯಬೇಕು, ಕೆಂಪು ಮಂಕಾದರೆ ಮತ್ತೆ ಬೆಂಕಿಗೆ. ತಿದಿ ಒತ್ತುತ್ತ ಮಾತಿಗೆ ನಿಂತಿರೋ, ದೀಪಾವಳಿಯ ನಕ್ಷತ್ರಕಡ್ಡಿಯಂತೆ ಕಿಡಿ ಹಾರುತ್ತದೆ. ಕಬ್ಬಿಣ ಸುಟ್ಟುಹೋಯಿತೆಂದೇ ತಿಳಿಯಿರಿ.

ಇನ್ನು ಅಳತೆ. ತೊಡುವವರ ಬೆರಳಿಗೆ ದಾರ ಸುತ್ತಿ ನೋಡುತ್ತೇವೆ. ಒಳಗಿನ ಅಡ್ಡಳತೆ 18 ಮಿಲಿಮೀಟರ್ ಎನ್ನಿ. ಅದನ್ನು 22/7ರಿಂದ ಗುಣಿಸಿ 57 ಮಿಲಿಮೀಟರ್ ಪಟ್ಟಿ ಕತ್ತರಿಸಿದರೆ ಕೆಟ್ಟಿರಿ. ಪಟ್ಟಿಯ ದಪ್ಪ 2 ಮಿಲಿಮೀಟರ್ ಇದ್ದರೆ ಅದನ್ನೂ ಕೂಡಿಸಿ 20ರಿಂದ ಲೆಕ್ಕ ಹಾಕಬೇಕು. ಆಗ 63 ಬರುತ್ತದೆ. ನಾನು ಮೊದಲ ಉಂಗುರವನ್ನು 57ಕ್ಕೇ ಕತ್ತರಿಸಿದೆ. ನನ್ನ ಮನೆಯಾಕೆ ಅದನ್ನು ಇಂದಿಗೂ ಕಿರುಬೆರಳಿಗೆ ತೊಡುತ್ತಾಳೆ.

ಸರಳನ್ನು ಮೊದಲು ಬಡಿದು ಪಟ್ಟಿ ಮಾಡಿ, ಆಮೇಲೆ ಅಳೆದು ಕತ್ತರಿಸಿರಿ. ಬಡಿದಷ್ಟೂ ಅದು ಉದ್ದವಾಗುತ್ತದಲ್ಲ. ಬಗ್ಗಿಸುವಾಗ ಎರಡು ತುದಿಗಳಿಂದ ಆರಂಭ, ನಡು ಕೊನೆಗೆ. ದುಂಡು ಮಾಡಲು ಮರದ ಕೊಡತಿಯೇ ಸಾಕು. ಅರದಿಂದ ಒಳಅಂಚನ್ನು ಉಜ್ಜಿ, ಸ್ವಲ್ಪ ಬಿಸಿ ಮಾಡಿ ಜೇನುಮೇಣ ಸವರಿರಿ. ಮುಂಬಯಿಯ ಮಳೆಗೂ ಬೆವರಿಗೂ ತುಕ್ಕು ಬೇಗ ಹಿಡಿಯುವುದರಿಂದ ಆಗಾಗ ಸವರುತ್ತಿರಬೇಕು.

ಶನಿಕಾಟಕ್ಕೆಂದು ಕುದುರೆ ಲಾಳದ ಉಂಗುರ ಕೇಳುವವರುಂಟು. ಶನಿಮಹಾತ್ಮನ ಸಂಗತಿ ನನ್ನ ಕಸುಬಿಗೆ ಹೊರಗಿನದು. ಲಾಳದ ಕಬ್ಬಿಣ ಮೆದು, ಕಲಿಯುವವರಿಗೆ ಅನುಕೂಲ ಎಂದಷ್ಟೇ ಹೇಳಬಲ್ಲೆ. ಆದರೆ ಭಂಗಾರ್ ಅಂಗಡಿಯಿಂದ ಸತುವಿನ ಲೇಪವಿರುವ ನಟ್ಟನ್ನೋ ಪೈಪನ್ನೋ ತಂದು ಕುಲುಮೆಗೆ ಹಾಕಬೇಡಿ. ಸತು 907 ಡಿಗ್ರಿ ಸೆಲ್ಸಿಯಸ್ಸಿಗೆ ಕುದಿಯುತ್ತದೆ. ಆ ಬಿಳಿ ಹೊಗೆ ಕುಡಿದವನಿಗೆ ರಾತ್ರಿ ನಡುಕದ ಜ್ವರ ಬರುತ್ತದೆ.

ಮತ್ತೊಂದು ಮಾತು, ತಾಯಂದಿರೂ ಕೇಳಬೇಕು. ಮಾಡಿದ ಉಂಗುರವನ್ನು ತೊಟ್ಟು ಯಂತ್ರದ ಮುಂದೆ ನಿಲ್ಲಬಾರದು. ಮದುವೆಯ ಉಂಗುರ ತಿರುಗುವ ಯಂತ್ರಕ್ಕೆ ಸಿಕ್ಕಿ ನನ್ನ ಜೊತೆಗಾರನೊಬ್ಬನ ಬೆರಳು ಹೋದದ್ದನ್ನು ಕಣ್ಣಾರೆ ಕಂಡವನು ನಾನು. ಅದು ಮೆದುವಾದ ಚಿನ್ನ. ಕಬ್ಬಿಣವಾದರೆ ಇನ್ನೂ ಕಷ್ಟ, ಬಗ್ಗದು, ಹರಿಯದು. ಅದಕ್ಕೇ ನಮ್ಮ ಹುಡುಗರು ಕೆಲಸಕ್ಕೆ ನಿಲ್ಲುವ ಮೊದಲು ಉಂಗುರ ಕಳಚಿ ಬಾಗಿಲ ಬಳಿಯ ಮೊಳೆಗೆ ಸಿಕ್ಕಿಸುತ್ತಾರೆ.

ಅವರು ಮಾಡಿದ ಎಂಟು ಉಂಗುರಗಳನ್ನು ಅಗೋ ಆ ಮೇಜಿನ ಮೇಲೆ ಇಟ್ಟಿದ್ದೇವೆ. ಎರಡರಲ್ಲಿ ತುದಿಗಳು ಸರಿಯಾಗಿ ಕೂಡಿಲ್ಲ. ಅವನ್ನೂ ಮುಂದೆಯೇ ಇಡಲು ಹೇಳಿದ್ದೇನೆ.