ಗಾಡಿಯ ಭಾರ ಎಲ್ಲಿ ಕೂರುತ್ತದೆ?

ಕೂಡೋದು, ಕಳೆಯೋದು, ಗುಣಿಸೋದು, ಭಾಗಿಸೋದು ನೀವೆಲ್ಲಾ ಈಗ ಕಲಿತಿದ್ದೀರಿ. ಆ ಲೆಕ್ಕದಿಂದ ನಮ್ಮ ಎತ್ತುಗಳ ಹೆಗಲು ಉಳಿಸಬಹುದು. ಹೇಗೆ ಅಂತ ಈ ಹೊತ್ತು ನೋಡೋಣ.

ಮಡಕಶಿರಾ ಕಡೆ ಟ್ರ್ಯಾಕ್ಟರ್ ಬಂದರೂ ಎತ್ತಿನ ಗಾಡಿ ಪೂರಾ ಹೋಗಿಲ್ಲ. ಗಾಡಿಗೆ ಎರಡು ಚಕ್ರ, ನಡುವೆ ಅಚ್ಚು. ಅಚ್ಚಿನ ಮುಂದೆ ಇಟ್ಟ ಚೀಲ ನೊಗವನ್ನು ಕೆಳಕ್ಕೆ ಒತ್ತುತ್ತದೆ. ಹಿಂದೆ ಇಟ್ಟ ಚೀಲ ನೊಗವನ್ನು ಮೇಲಕ್ಕೆ ಎತ್ತುತ್ತದೆ.

ಎಷ್ಟು ಜೋರಾಗಿ? ಅದಕ್ಕೆ ಭಾರ ಒಂದೇ ಸಾಲದು, ದೂರವೂ ಬೇಕು. ಬಾಗಿಲನ್ನು ಕೀಲಿನ ಹತ್ತಿರ ತಳ್ಳಿ ನೋಡಿ, ಕಷ್ಟ. ತುದಿಯಲ್ಲಿ ತಳ್ಳಿ, ಸುಲಭ. ಭಾರವನ್ನು ದೂರದಿಂದ ಗುಣಿಸಿದರೆ ವಾಲಿಸುವ ಬಲ ಸಿಗುತ್ತದೆ. ಓದಿದವರು ಇದನ್ನು ‘ಮೊಮೆಂಟ್’ ಅಂತಾರೆ. ಭಾರಕ್ಕೂ ದೂರಕ್ಕೂ ಇರುವ ಈ ನಂಟನ್ನು ಸುಮಾರು 2,200 ವರ್ಷಗಳ ಹಿಂದೆಯೇ ಆರ್ಕಿಮಿಡೀಸ್ ಎಂಬ ಗ್ರೀಕ್ ಪಂಡಿತ ಬರೆದಿಟ್ಟ.

ಈಗ ಲೆಕ್ಕ ಮಾಡೋಣ. ಆರು ಚೀಲ ರಾಗಿ ಹೇರಿದ್ದೀರಿ ಅನ್ನಿ. ಚೀಲಕ್ಕೆ 50 ಕಿಲೋ.

ಅಚ್ಚಿನ ಮುಂದೆ 3 ಅಡಿಗೆ ಎರಡು ಚೀಲ: 100 × 3 = 300.
ಮುಂದೆ 1 ಅಡಿಗೆ ಎರಡು ಚೀಲ: 100 × 1 = 100.
ಹಿಂದೆ 1 ಅಡಿಗೆ ಎರಡು ಚೀಲ: 100 × 1 = 100.

ಮುಂದಿನದು ಒಟ್ಟು 400. ಹಿಂದಿನ 100 ಕಳೆಯಿರಿ. ಉಳಿದದ್ದು 300. ಇದನ್ನು ಒಟ್ಟು ಭಾರ 300 ಕಿಲೋದಿಂದ ಭಾಗಿಸಿ. ಬಂದದ್ದು 1 ಅಡಿ. ಅಂದರೆ, ಆರೂ ಚೀಲಗಳನ್ನು ಅಚ್ಚಿನ ಮುಂದೆ 1 ಅಡಿಗೆ ಒಂದೇ ಕಡೆ ಪೇರಿಸಿದ ಹಾಗೆ. ಒಟ್ಟು ಭಾರ ಕೂರುವ ಜಾಗ ಅದೇ.

ನೊಗ ಅಚ್ಚಿನಿಂದ 10 ಅಡಿ ದೂರ ಇದ್ದರೆ, 300ನ್ನು 10ರಿಂದ ಭಾಗಿಸಿ. ಚೀಲಗಳಿಂದಾಗಿ ಎತ್ತುಗಳ ಹೆಗಲ ಮೇಲೆ ಬೀಳೋದು 30 ಕಿಲೋ. ಖಾಲಿ ಗಾಡಿಯ ಭಾರ ಬೇರೆ.

3 ಅಡಿಯಲ್ಲಿದ್ದ ಎರಡು ಚೀಲಗಳನ್ನು 1 ಅಡಿಗೆ ಸರಿಸಿ. ಉಳಿಯೋದು 100. ಹೆಗಲ ಮೇಲೆ 10 ಕಿಲೋ ಮಾತ್ರ. ಒಂದು ಕಾಳೂ ಇಳಿಸಲಿಲ್ಲ, 20 ಕಿಲೋ ಕಡಿಮೆ ಆಯಿತು!

ಹಾಗಂತ ಎಲ್ಲಾ ಹಿಂದಕ್ಕೆ ತಳ್ಳಬೇಡಿ. ಅದೇ ಎರಡು ಚೀಲಗಳನ್ನು ಹಿಂದೆ 3 ಅಡಿಗೆ ಇಟ್ಟರೆ, ಚೀಲಗಳು ನೊಗವನ್ನು 30 ಕಿಲೋ ಬಲದಿಂದ ಮೇಲಕ್ಕೆ ಎತ್ತುತ್ತವೆ. ಆಗ ಕೊರಳ ಹಗ್ಗ ಎತ್ತಿನ ಗಂಟಲು ಬಿಗಿಯುತ್ತದೆ. ಏರು ಹತ್ತುವಾಗ ಎತ್ತರಕ್ಕೆ ಪೇರಿಸಿದ ಭಾರ ಹಿಂದಕ್ಕೆ ವಾಲುತ್ತದೆ, ಬಿಗಿತ ಇನ್ನೂ ಹೆಚ್ಚುತ್ತದೆ. ಇಳಿಜಾರಿನಲ್ಲಿ ಭಾರ ಮುಂದಕ್ಕೆ ವಾಲಿ ಹೆಗಲ ಮೇಲೆ ಬೀಳುತ್ತದೆ. ಆದ್ದರಿಂದ ಚೀಲಗಳನ್ನು ತಗ್ಗಾಗಿ ಪೇರಿಸಿ. ಒಟ್ಟು ಭಾರ ಅಚ್ಚಿಗಿಂತ ಸ್ವಲ್ಪವೇ ಮುಂದೆ ಕೂರಲಿ.

ಹೆಗಲು ಬಾತುಕೊಂಡರೆ ಎತ್ತು ಬಾಯಿಬಿಟ್ಟು ಹೇಳೋದಿಲ್ಲ. ಹೇರುವಾಗ ನಾವೇ ಲೆಕ್ಕ ಹಾಕಬೇಕು.

ಮನೆಯಲ್ಲಿ ಮಾಡಿ ನೋಡಿ: ಅಚ್ಚಿನ ಮುಂದೆ 2 ಅಡಿಗೆ ಎರಡು ಚೀಲ ಇವೆ. ಹಿಂದೆ ಒಂದೇ ಚೀಲ ಇಟ್ಟು ಸರಿದೂಗಿಸಬೇಕು. ಎಷ್ಟು ದೂರ ಇಡಬೇಕು? 4 ಅಡಿ ಅಂತ ಬಂದರೆ ನಿಮ್ಮ ಲೆಕ್ಕ ಸರಿ.